ಪ್ರಾಣಿದಯಾ ಸಂಘದ ಹಳೇ ಕಡತಗಳನ್ನು ಗುಜರಿಗೆ ಹಾಕುವ ಮುಂಚೆ

ಪ್ರಾಣಿಗಳಿಗಾಗಿ ಓಡಾಡುವ ಎಷ್ಟೋ ಸಂಘಗಳಿಗೆ ಆಫೀಸು ಅಂದರೆ ಶೆಲ್ಟರಿನ ಮೂಲೆಯಲ್ಲೊಂದು ಬೀರು, ಕಾರ್ಯದರ್ಶಿಯ ಲ್ಯಾಪ್‌ಟಾಪು, ಯಾರದೋ ಮನೆ ಅಟ್ಟದ ಮೇಲೆ ನಾಲ್ಕು ರಟ್ಟಿನ ಡಬ್ಬ. ಕಾರ್ಯದರ್ಶಿ ಬದಲಾದರೆ ಅಥವಾ ಬಾಡಿಗೆ ಜಾಗ ಖಾಲಿ ಮಾಡಿದರೆ ಮೊದಲು ಗುಜರಿಗೆ ಹೋಗೋದು ಅದೇ ಕಾಗದ. ದುಡ್ಡು, ಸಮಯ ಎಲ್ಲ ನಾಯಿ ಬೆಕ್ಕುಗಳ ಔಷಧಿಗೇ ಸಾಲದು, ಕಾಗದ ಯಾರು ನೋಡ್ತಾರೆ, ಅಲ್ವಾ? ಆದರೂ ಸ್ವಲ್ಪ ತಡೆಯಿರಿ.

ಕಂಬಳದ ವಿಷಯವನ್ನೇ ತಗೊಳ್ಳಿ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ವಿರುದ್ಧ ತೀರ್ಪು ಕೊಟ್ಟಿತು, ಕಂಬಳಕ್ಕೂ ಅದರ ಬಿಸಿ ತಟ್ಟಿತು. 2017ರಲ್ಲಿ ಕರ್ನಾಟಕ ಕಂಬಳಕ್ಕೆ ಅವಕಾಶ ಕೊಡಲು ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಈ ತೀರ್ಪುಗಳು ಎಲ್ಲೂ ಹೋಗೋದಿಲ್ಲ, ಇಂಟರ್ನೆಟ್ಟಿನಲ್ಲೇ ಸಿಗುತ್ತವೆ. ಆದರೆ ಕರೆಯ (ಕೋಣ ಓಡಿಸುವ ಗದ್ದೆಯ) ಪಕ್ಕ ನಿಂತವರು ಏನು ಬರೆದುಕೊಂಡರು, ಕೋಣ ಸಾಕಿದವರು ತಿರುಗಿ ಏನಂದರು, ಕೋರ್ಟಿಗೆ ಹೋಗೋದೋ ಬೇಡವೋ ಅಂತ ಸಂಘದೊಳಗೇ ಯಾರ್ಯಾರು ಜಗಳ ಆಡಿದರು, ಇದೆಲ್ಲ ಇರುವುದು ನಿಮ್ಮ ಬೀರುವಿನಲ್ಲಿ ಮಾತ್ರ.

ಹಾಗಾಗಿ ಏನು ಉಳಿಸಬೇಕು ಅನ್ನುವ ಪ್ರಶ್ನೆಗೆ ನನ್ನ ಉತ್ತರ ಸರಳ: ಬೇರೆಲ್ಲೂ ಸಿಗದ್ದನ್ನು ಉಳಿಸಿ. ಗಾಯಗೊಂಡ ಪ್ರಾಣಿಗಳ ಬಗ್ಗೆ ಬಂದ ಫೋನ್ ಕರೆಗಳ ರಿಜಿಸ್ಟರ್, ಸಂತಾನಹರಣ ಚಿಕಿತ್ಸೆಯ ಮತ್ತು ರೇಬೀಸ್ ಲಸಿಕೆಯ ಲೆಕ್ಕ, ಸಭೆಯ ನಡಾವಳಿ ಪುಸ್ತಕ, ಪೊಲೀಸರಿಗೆ ಪಾಲಿಕೆಗೆ ಕೊಟ್ಟ ದೂರಿನ ಪ್ರತಿ, ಅವರು ಕೊಟ್ಟ ಉತ್ತರ, ಕೊಡದೇ ಇದ್ದಾಗ ನೀವು ಬರೆದ ಎರಡನೇ ಮೂರನೇ ಪತ್ರ, ಕರಪತ್ರ, ಬ್ಯಾನರು. ನಿಮ್ಮನ್ನು ಬೈದು ಬರೆದ ಪತ್ರಗಳನ್ನೂ ಇಡಿ. ಎದುರು ಪಕ್ಷದವರು ಹಂಚಿದ ಕರಪತ್ರವನ್ನೂ ಇಡಿ. ಸೋತ ಕೇಸಿನ ಫೈಲು ಗೆದ್ದ ಕೇಸಿನ ಫೈಲಿನಷ್ಟೇ ಮುಖ್ಯ. ಶಾಲು ಹೊದಿಸಿದ ಫೋಟೋ ಮಾತ್ರ ಎರಡು ಮೂರು ಸಾಕು. (ಎಲ್ಲರ ಹತ್ತಿರ ಇರೋದು ಅದೇ ಜಾಸ್ತಿ!)

ಅಚ್ಚಾದ ಕಾಯ್ದೆ, ಗೆಜೆಟ್, ಸಂಸತ್ತಿನ ಚರ್ಚೆ ಇವಕ್ಕೆಲ್ಲ ಜಾಗ ಕೊಡಬೇಕಿಲ್ಲ. ಭರತನಾಟ್ಯ ಕಲಾವಿದೆ, ರಾಜ್ಯಸಭಾ ಸದಸ್ಯೆ ರುಕ್ಮಿಣಿ ದೇವಿ ಅರುಂಡೇಲ್ ಸದನದಲ್ಲಿ ಪ್ರಾಣಿಹಿಂಸೆ ತಡೆಯುವ ಖಾಸಗಿ ಮಸೂದೆ ಮಂಡಿಸಿದ್ದು, ಸರ್ಕಾರವೇ ಕಾನೂನು ತರುತ್ತದೆ ಅಂತ ನೆಹರೂ ಭರವಸೆ ಕೊಟ್ಟ ಮೇಲೆ ಹಿಂತೆಗೆದುಕೊಂಡಿದ್ದು, 1960ರಲ್ಲಿ ಕಾಯ್ದೆ ಬಂದಿದ್ದು, ಇದೆಲ್ಲ ಸದನದ ದಾಖಲೆಯಲ್ಲೇ ಇದೆ. ಆದರೆ ಆ ಕಾಯ್ದೆಯ ಪುಸ್ತಕದ ಅಂಚಿನಲ್ಲಿ ನಿಮ್ಮ ಹಳೇ ಕಾರ್ಯದರ್ಶಿ ಪೆನ್ಸಿಲಿನಲ್ಲಿ ಏನಾದರೂ ಗೀಚಿದ್ದರೆ ಅದು ಬೇರೆ ಮಾತು, ಅದನ್ನು ಬಿಡಬೇಡಿ.

ಈಗ ಕೆಲಸಕ್ಕೆ ಬರೋಣ. ಎಲ್ಲರೂ ಮೊದಲು ಮಾಡೋದು ಫೈಲು ಬಿಚ್ಚಿ ವಿಷಯವಾರು ಜೋಡಿಸೋದು. ದಯವಿಟ್ಟು ಬೇಡ. ಯಾವ ಪತ್ರದ ಪಕ್ಕ ಯಾವ ಪತ್ರ ಇತ್ತು ಅನ್ನುವುದರಿಂದಲೇ ಎಷ್ಟೋ ಸಂಗತಿ ತಿಳಿಯುತ್ತದೆ, ಒಮ್ಮೆ ಕಲಸಿಬಿಟ್ಟರೆ ಅದನ್ನು ಯಾರೂ ಮತ್ತೆ ಕಟ್ಟಲಾರರು. ಡಬ್ಬಕ್ಕೆ ನಂಬರ್ ಹಾಕಿ, ಫೈಲಿಗೆ ನಂಬರ್ ಹಾಕಿ, ಒಂದು ಪಟ್ಟಿ ಮಾಡಿ: ಫೈಲಿನ ಹೆಸರು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾರ ಹತ್ತಿರ ಇತ್ತು. ರಿಜಿಸ್ಟರಿನಲ್ಲಿ ಲೆಕ್ಕ ತಪ್ಪಾಗಿ ಕಂಡರೂ ತಿದ್ದಬೇಡಿ, ಬೇರೆ ಚೀಟಿಯಲ್ಲಿ ಬರೆದಿಡಿ.

ತುಕ್ಕು ಹಿಡಿದ ಗುಂಡುಪಿನ್ನು, ರಬ್ಬರ್ ಬ್ಯಾಂಡು ತೆಗೆಯಿರಿ. ಹರಿದಿದ್ದಕ್ಕೆ ಸೆಲೋಟೇಪ್ ಅಂಟಿಸಬೇಡಿ, ಅದರ ಗೋಂದು ಕೆಲವು ವರ್ಷಕ್ಕೆ ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಒಮ್ಮೆ ಮಾಡಿದರೆ ಬಿಡಿಸೋಕೆ ಆಗೋದಿಲ್ಲ. ಫೋಟೋ ಹಿಂದೆ ಮೆತ್ತನೆ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಿರಿ, ಬಾಲ್‌ಪೆನ್ ಬೇಡ. ಬಿಲ್ಲಿನ ಮೆಷಿನ್ನಿನಿಂದ ಬಂದ ನುಣುಪು ಚೀಟಿ ಮತ್ತು ಹಳೇ ಫ್ಯಾಕ್ಸ್ ಕಾಗದದ ಅಕ್ಷರ ತಾನಾಗೇ ಮಾಸಿಹೋಗುತ್ತದೆ. ಅವನ್ನು ಇವತ್ತೇ ಜೆರಾಕ್ಸ್ ಮಾಡಿಸಿ.

ಕರಾವಳಿ, ಮಲೆನಾಡಿನವರಿಗೆ ತೇವವೇ ದೊಡ್ಡ ಶತ್ರು. ಡಬ್ಬಗಳನ್ನು ನೆಲದ ಮೇಲಿಡದೆ ಸ್ಟೀಲ್ ರ‍್ಯಾಕಿನಲ್ಲಿಡಿ, ರ‍್ಯಾಕು ಗೋಡೆಗೆ ತಾಗದಿರಲಿ, ಗೆದ್ದಲು ಹತ್ತಿದರೆ ಕಾಣಬೇಕಲ್ಲ. ನೆನೆದ ಫೈಲನ್ನು ಬಿಸಿಲಿಗೆ ಹಾಕಬೇಡಿ, ಫ್ಯಾನಿನ ಗಾಳಿಯಲ್ಲಿ ಒಣಗಿಸಿ. ರಾಶಿ ದೊಡ್ಡದಿದ್ದು ಒಂದೆರಡು ದಿನದಲ್ಲಿ ಒಣಗಿಸಲು ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡಿ, ಬೂಸ್ಟು ಹಿಡಿಯೋದು ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ನೋಡಿಕೊಳ್ಳಬಹುದು. ಆದರೆ ಫೋಟೋ ನೆಗೆಟಿವ್, ಟೇಪುಗಳನ್ನು ಫ್ರೀಜರಿಗೆ ಹಾಕಬೇಡಿ.

ಸ್ಕ್ಯಾನ್ ಮಾಡುವವರು ಕಾಗದಕ್ಕೆ 300 ಡಿಪಿಐ, ಫೋಟೋಗೆ 600 ಇಟ್ಟುಕೊಂಡರೆ ಸಾಕು. ಸ್ಕ್ಯಾನ್ ಆಯ್ತಲ್ಲ ಅಂತ ಮೂಲ ಎಸೆಯಬೇಡಿ. ಮೂರು ಪ್ರತಿ ಇರಲಿ, ಒಂದಂತೂ ಬೇರೆ ಊರಿನಲ್ಲಿರಲಿ. ವಿಎಚ್‌ಎಸ್, ಮಿನಿ ಡಿವಿ ವಿಡಿಯೋ ಕ್ಯಾಸೆಟ್ಟುಗಳನ್ನು ಎಲ್ಲಕ್ಕಿಂತ ಮುಂಚೆ ಡಿಜಿಟಲ್ ಮಾಡಿಸಿ, ಟೇಪು ಹಾಳಾಗೋ ಮುಂಚೆ ಅದನ್ನು ಓಡಿಸುವ ಮೆಷಿನ್ನೇ ಸಿಗದೆ ಹೋಗಬಹುದು. ಇತ್ತೀಚಿನ ವರ್ಷಗಳ ಚಳವಳಿ ಇರೋದು ವಾಟ್ಸಾಪ್ ಗುಂಪಿನಲ್ಲಿ. ಅಲ್ಲಿಂದ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಫೇಸ್‌ಬುಕ್ ಪೇಜಿನ ಮಾಹಿತಿ ಡೌನ್‌ಲೋಡ್ ಮಾಡಿ. ಅಡ್ಮಿನ್ ಫೋನ್ ಕಳೆದುಹೋಗೋ ತನಕ ಕಾಯಬೇಡಿ.

ಇಲ್ಲಿ ಒಂದು ಎಚ್ಚರಿಕೆ. ದತ್ತು ಅರ್ಜಿಗಳಲ್ಲಿ ಜನರ ವಿಳಾಸ, ಫೋನ್ ನಂಬರ್ ಇರುತ್ತವೆ. ಅಕ್ರಮ ಸಾಗಣೆಯ ಸುಳಿವು ಕೊಟ್ಟವರ ಹೆಸರಿರುತ್ತದೆ, ಬೀದಿನಾಯಿಗೆ ಊಟ ಹಾಕುವ ಹೆಂಗಸಿನ ಮೇಲೆ ಪಕ್ಕದ ಮನೆಯವರು ಕೂಗಾಡಿದ ಕಥೆ ಇರುತ್ತದೆ. ಇಂಥ ಫೈಲನ್ನು ನಾಶ ಮಾಡಬೇಡಿ, ಬೇರೆ ಡಬ್ಬದಲ್ಲಿ ಹಾಕಿ, ಎಷ್ಟು ವರ್ಷ ತೆರೆಯಬಾರದು ಅಂತ ಮೇಲೆ ಬರೆಯಿರಿ. ಮುಂದೆ ಇವನ್ನು ಆರ್ಕೈವಿಗೆ, ಅಂದರೆ ಹಳೇ ದಾಖಲೆ ಕಾಪಾಡುವ ಸಂಸ್ಥೆಗೆ ಕೊಟ್ಟರೂ ಅವರು ಇಂಥ ಷರತ್ತನ್ನು ಸಾಮಾನ್ಯವಾಗಿ ಒಪ್ಪುತ್ತಾರೆ.

ಕೊನೆಗೆ ಯಾರಿಗೆ ಕೊಡೋದು? ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯ ಲೈಬ್ರರಿ, ಅಲ್ಲೇ ಪಾಠ ಮಾಡುತ್ತಿದ್ದ ತತ್ವಶಾಸ್ತ್ರಜ್ಞ ಟಾಮ್ ರೀಗನ್ ಅವರ ಕಾಗದಪತ್ರಗಳ ಜೊತೆಗೆ ಪ್ರಾಣಿ ಹಕ್ಕಿನ ಸಂಘಟನೆಗಳ ದಾಖಲೆಯನ್ನೂ ಕೂಡಿಸಿಟ್ಟಿದೆ. ನಮ್ಮ ರಾಜ್ಯ ಪತ್ರಾಗಾರದ ಮುಖ್ಯ ಕೆಲಸ ಸರ್ಕಾರದ ಕಡತ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ 2019ರಿಂದ ಸಾರ್ವಜನಿಕರಿಗೆ ತೆರೆದ ಆರ್ಕೈವ್ ಇದೆ, ಅದು ವಿಜ್ಞಾನದ ಇತಿಹಾಸಕ್ಕೆ ಸಂಬಂಧಿಸಿದ್ದು. ನಿಮ್ಮದರಲ್ಲಿ ಪಶುವೈದ್ಯಕೀಯ, ವನ್ಯಜೀವಿ, ಪ್ರಯೋಗಾಲಯದ ಪ್ರಾಣಿಗಳ ವಿಷಯ ಇದ್ದರೆ ಕೇಳಿ ನೋಡಬಹುದು. ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗವನ್ನೂ ಕೇಳಿ. ಸುಮ್ನೆ ಡಬ್ಬ ಹೊತ್ತುಕೊಂಡು ಹೋಗಬೇಡಿ, ಮೊದಲು ಪಟ್ಟಿ ಕಳಿಸಿ.

ಕೊಡುವಾಗ ಬರವಣಿಗೆಯಲ್ಲೇ ಒಪ್ಪಂದ ಆಗಲಿ. ಕಾಗದದ ಒಡೆತನ ಯಾರದು, ಹಕ್ಕುಸ್ವಾಮ್ಯ ಯಾರದು, ಆನ್‌ಲೈನ್ ಹಾಕಬಹುದೇ, ಮುಚ್ಚಿಟ್ಟ ಡಬ್ಬ ಯಾವಾಗ ತೆರೆಯೋದು, ಅವರಿಗೆ ಬೇಡವಾದದ್ದನ್ನು ಎಸೆಯುವ ಮುಂಚೆ ನಿಮಗೆ ವಾಪಸ್ ಕೊಡುತ್ತಾರೋ ಇಲ್ಲವೋ, ಇಷ್ಟನ್ನೂ ಕೇಳಿ ಬರೆಸಿಕೊಳ್ಳಿ. ಸಹಿ ಹಾಕುವ ಮುಂಚೆ ಸಂಘದ ಸಭೆಯಲ್ಲಿ ನಿರ್ಣಯ ಆಗಿರಬೇಕು, ಇಲ್ಲದಿದ್ದರೆ ಮುಂದಿನ ಕಮಿಟಿಯವರು ಬಂದು ಇದನ್ನು ಕೊಟ್ಟವರ‍್ಯಾರು ಅಂತ ಜಗಳ ತೆಗೆಯುತ್ತಾರೆ.