ಬದುಕದ ಕೋಳಿಯನ್ನು ನರಳಿಸದೆ ಕೊಲ್ಲುವುದು ಹೇಗೆ

ಕಾವಿಗೆ ಕೂತ ಹೇಟೆಯನ್ನು ಕಾಯಿಲೆ ಬಿದ್ದಿದೆ ಎಂದು ಕುಯ್ದುಬಿಡುವವರಿದ್ದಾರೆ. ಮೂಲೆ ಹಿಡಿದ ಕೋಳಿಯೆಲ್ಲ ಸಾಯುವ ಕೋಳಿಯಲ್ಲ. ಕಾವಿನ ಕೋಳಿ ಮೈ ಉಬ್ಬಿಸಿ ಕೂತಿದ್ದರೂ ಕೈ ಹತ್ತಿರ ತಂದರೆ ಕುಕ್ಕಲು ಬರುತ್ತದೆ. ಪುಕ್ಕ ಉದುರಿಸುವಾಗ ಮೊಟ್ಟೆ ನಿಂತು ಮಂಕಾಗುತ್ತದೆ, ಹೊಸ ಪುಕ್ಕ ಬಂದ ಮೇಲೆ ಸರಿಹೋಗುತ್ತದೆ. ಜುಟ್ಟಿನ ಮೇಲೆ, ಕಣ್ಣಿನ ಸುತ್ತ ಸಿಡುಬಿನ ಗುಳ್ಳೆ ಎದ್ದರೂ ಬಾಯೊಳಗೆ ಹುಣ್ಣಾಗದಿದ್ದರೆ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುವುದೇ ಹೆಚ್ಚು.

ಮೊಟ್ಟೆ ಸಿಕ್ಕಿಕೊಂಡ ಹೇಟೆ ಬಾಲ ಇಳಿಬಿಟ್ಟು ತಿಣುಕುತ್ತಾ ನಿಂತಿರುತ್ತದೆ. ಅದನ್ನು ಬೆಚ್ಚನೆಯ ನೀರಿನಲ್ಲಿ, ಹೊಟ್ಟೆ ಮುಳುಗುವಷ್ಟು, 20 ನಿಮಿಷ ಕೂರಿಸಿ, ಒರೆಸಿ, ಬಾಲದ ಕೆಳಗೆ ಮೊಟ್ಟೆ ಹೊರಬರುವ ದ್ವಾರಕ್ಕೆ ಕೊಬ್ಬರಿ ಎಣ್ಣೆ ಸವರಿ ಕತ್ತಲೆಯ ಬೆಚ್ಚನೆ ಜಾಗದಲ್ಲಿ ಬಿಡಿ. ಎಷ್ಟೋ ಸಲ ಅಷ್ಟಕ್ಕೇ ಇಟ್ಟುಬಿಡುತ್ತದೆ. ಹೊಟ್ಟೆ ಒತ್ತಿ ತೆಗೆಯಲು ಹೋಗಬೇಡಿ, ಒಳಗೇ ಒಡೆದರೆ ನಂಜಾಗುತ್ತದೆ.

ಇನ್ನು ಆಸೆ ಬಿಡಬೇಕಾದ ಕೋಳಿ. ಅದಕ್ಕೆ ಎದ್ದು ನಿಲ್ಲಲಾಗುವುದಿಲ್ಲ, ನೀರಿಗೂ ಕೊಕ್ಕು ಇಳಿಸುವುದಿಲ್ಲ, ಕೈಯಾಡಿಸಿದರೆ ಎದೆಮೂಳೆ ಕತ್ತಿಯ ಅಂಚಿನ ಹಾಗೆ ಚೂಪಾಗಿ ಸಿಗುತ್ತದೆ. ಬಾಯಿ ತೆರೆದು ಕತ್ತು ಚಾಚಿ ಉಸಿರೆಳೆಯುತ್ತಿರುತ್ತದೆ, ಉಳಿದ ಕೋಳಿಗಳು ಕುಕ್ಕಿದರೂ ಸರಿಯುವುದಿಲ್ಲ. ಒಂದು ಕಾಲು ಮುಂದಕ್ಕೆ, ಒಂದು ಹಿಂದಕ್ಕೆ ಚಾಚಿ ಬಿದ್ದ ಎಳೆ ಕೋಳಿಗೆ ಬಹುಪಾಲು ಮ್ಯಾರೆಕ್ಸ್ ಎಂಬ, ನರಕ್ಕೆ ತಗಲುವ ವೈರಸ್ ರೋಗ, ಅದಕ್ಕೆ ಮದ್ದಿಲ್ಲ. ನಾಯಿಯೋ ಮುಂಗುಸಿಯೋ ಹರಿದು ಕರುಳು ಹೊರಬಂದಿದ್ದರೆ ಬೆಳಗಿನವರೆಗೆ ಕಾಯುವ ಮಾತೇ ಇಲ್ಲ.

ಒಂದು ಕೋಳಿಯ ಕಾಯಿಲೆ ಬೇರೆ, ಗೂಡಿನ ಕಾಯಿಲೆ ಬೇರೆ. ಒಂದೆರಡು ದಿನದಲ್ಲಿ ಹಲವು ಕೋಳಿ ಸಾಯುತ್ತಿದ್ದರೆ, ಹಸಿರು ಹಿಕ್ಕೆ, ತಿರುಚಿದ ಕತ್ತು, ನೀಲಿಗಟ್ಟಿದ ಜುಟ್ಟು ಕಂಡರೆ ಅದು ಕೊಕ್ಕರೆ ರೋಗವೋ (ರಾಣಿಖೇತ್) ಹಕ್ಕಿಜ್ವರವೋ ಆಗಿರಬಹುದು. ಕಣ್ಣಳತೆಯಲ್ಲಿ ಎರಡನ್ನೂ ಬೇರ್ಪಡಿಸಲಾಗದು. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲೇ ಹಕ್ಕಿಜ್ವರ ದೃಢಪಟ್ಟಿತ್ತು. ಇಂಥ ಸಂದರ್ಭದಲ್ಲಿ ನೀವೇ ಕೊಲ್ಲಲು, ಕುಯ್ಯಲು, ಹೂಳಲು ಹೋಗದೆ ಹತ್ತಿರದ ಪಶು ಆಸ್ಪತ್ರೆಗೆ ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ತಿಳಿಸಿ. ರೋಗದ ಕೋಳಿಯನ್ನು ಸಂತೆಗೆ ಸಾಗಿಸಿ ನಾಲ್ಕು ಕಾಸು ಉಳಿಸಿಕೊಳ್ಳುವ ಅಭ್ಯಾಸ ಇನ್ನೂ ಹೋಗಿಲ್ಲ. ಊರಿಂದೂರಿಗೆ ಕೊಕ್ಕರೆ ರೋಗ ಹಬ್ಬುವುದೇ ಹೀಗೆ.

ಪಶುವೈದ್ಯರು ಸಿಕ್ಕರೆ ನೋವಿಲ್ಲದೆ ಸಾಯಿಸುವ ಚುಚ್ಚುಮದ್ದೇ ಒಳ್ಳೆಯದು. ಸಿಗದಿದ್ದರೆ ಮನೆಯಲ್ಲಿ ಮಾಡಬಹುದಾದ ನಂಬುವಂಥ ಕ್ರಮ ಒಂದೇ: ತಲೆಬುರುಡೆಯನ್ನೂ ಕತ್ತಿನ ಮೊದಲ ಮೂಳೆಯನ್ನೂ ಒಂದೇ ಎಳೆತಕ್ಕೆ ಬೇರೆ ಮಾಡುವುದು. ಕೀಲು ಬಿಟ್ಟಾಗ ಮಿದುಳಿನ ಬುಡದ ನರ, ರಕ್ತನಾಳ ಕಿತ್ತು ಸಾಮಾನ್ಯವಾಗಿ ಅರೆನಿಮಿಷದೊಳಗೆ ಅರಿವು ಹೋಗುತ್ತದೆ. ಕುಡುಗೋಲಿಗಿಂತ ಇದೇ ಮೇಲು ಎನ್ನಲು ಇನ್ನೊಂದು ಕಾರಣ, ರಕ್ತ ಚೆಲ್ಲುವುದಿಲ್ಲ. ರೋಗದ ಕೋಳಿಯ ರಕ್ತ ಅಂಗಳಕ್ಕೆ ಬಿದ್ದರೆ ಉಳಿದವು ಅದನ್ನೇ ಕುಕ್ಕುತ್ತವೆ.

ಮೂರು ಕೆಜಿಯೊಳಗಿನ ಕೋಳಿಗೆ ಮಾತ್ರ ಇದು. ನಾಟಿ ಹೇಟೆ ಒಂದೂವರೆ, ಎರಡು ಕೆಜಿ ಇರುವುದರಿಂದ ತೊಂದರೆಯಿಲ್ಲ. ಗಿರಿರಾಜದಂಥ ದೊಡ್ಡ ತಳಿಯ ಬಲಿತ ಹುಂಜದ ಕತ್ತು ಬರಿಗೈಗೆ ಬಗ್ಗುವುದಿಲ್ಲ. ಅದಕ್ಕೆ ವೈದ್ಯರನ್ನೋ ಕೈ ಪಳಗಿದವರನ್ನೋ ಮನೆಗೇ ಕರೆಸಿ. ಕೋಳಿ ಅಂಗಡಿಗೆ ಹೊತ್ತುಕೊಂಡು ಹೋಗಬೇಡಿ, ರೋಗ ಅಲ್ಲಿನ ಪಂಜರಗಳಿಗೂ ಅಂಟುತ್ತದೆ.

ಮುಸ್ಸಂಜೆಯ ಹೊತ್ತು ಒಳ್ಳೆಯದು, ಬೆಳಕು ಕಡಿಮೆಯಾದಾಗ ಕೋಳಿ ಗಾಬರಿಯಾಗದು. ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ಹಳೇ ಟವೆಲ್, ದಪ್ಪ ಪ್ಲಾಸ್ಟಿಕ್ ಚೀಲ, ಸಾಣೆ ಹಿಡಿದ ಚಾಕು ಪಕ್ಕದಲ್ಲಿರಲಿ. ಚಾಕು ಯಾಕೆಂಬುದು ಮುಂದೆ ಬರುತ್ತದೆ. ಗುಂಡಿ ಮೊದಲೇ ತೋಡಿರಬೇಕು. ಅಟ್ಟಾಡಿಸಿ ಹಿಡಿಯಬೇಡಿ, ಗೂಡಿನಿಂದಲೇ ಎತ್ತಿ ರೆಕ್ಕೆ ಮೈಗೆ ಅಮುಕಿ ಟವೆಲ್ ಸುತ್ತಿ, ಬೇರೆ ಕೋಳಿಗಳ ಕಣ್ಣಿಂದಾಚೆ ಒಯ್ಯಿರಿ. ಒಂದೆರಡು ನಿಮಿಷ ಹಾಗೇ ಹಿಡಿದುಕೊಂಡಿದ್ದರೆ ತಣ್ಣಗಾಗುತ್ತದೆ.

ಬಲಗೈಯವರು ಎಡಗೈಯಲ್ಲಿ ಎರಡೂ ಕಾಲು ಒಟ್ಟಿಗೆ ಹಿಡಿದು ನಿಮ್ಮ ಸೊಂಟದ ಮಟ್ಟಕ್ಕೆ ಎತ್ತಿ, ತಲೆ ಕೆಳಗಾಗಲಿ. ಟವೆಲ್ ರೆಕ್ಕೆಯ ಮೇಲೇ ಇರಲಿ, ಕತ್ತು ಮಾತ್ರ ಹೊರಗೆ. ಬಲಗೈಯ ತೋರುಬೆರಳು, ನಡುಬೆರಳ ಸಂದಿಗೆ ಕತ್ತು ಬರಬೇಕು, ತಲೆಬುರುಡೆ ಮುಗಿಯುವ ಜಾಗಕ್ಕೆ ಸರಿಯಾಗಿ. ತಲೆಯ ಹಿಂಭಾಗ ಅಂಗೈಯಲ್ಲಿ, ಹೆಬ್ಬೆರಳು ಕೊಕ್ಕಿನ ಕೆಳಗೆ. ಈ ಹಿಡಿತ ಅರ್ಧ ಇಂಚು ಮೈಯ ಕಡೆಗೆ ಜಾರಿದರೂ ಕತ್ತಿನ ನಡುವೆ ಮುರಿಯುತ್ತದೆ, ಆಗ ಕೋಳಿಗೆ ನೋವು ತಿಳಿಯುತ್ತಲೇ ಇರುತ್ತದೆ. ಹಾಗಾಗಿ ಎಳೆಯುವ ಮುಂಚೆ ಪುಕ್ಕ ಸರಿಸಿ ಬೆರಳಿನಿಂದ ಬುರುಡೆಯ ಅಂಚು ತಡವಿ ನೋಡಿ.

ಆಮೇಲೆ ಬಲಗೈ ನೆಟ್ಟಗೆ ಕೆಳಕ್ಕೆ, ಒಂದೇ ಗಟ್ಟಿ ಎಳೆತ. ಕತ್ತು ಪೂರ್ತಿ ಚಾಚಿದ ಕ್ಷಣಕ್ಕೇ ಮಣಿಕಟ್ಟು ತಿರುಗಿಸಿ ತಲೆಯನ್ನು ಬೆನ್ನಿನ ಕಡೆಗೆ ಬಗ್ಗಿಸಿ. ಕೀಲು ಲಟಕ್ಕನೆ ಬಿಟ್ಟದ್ದು ಬೆರಳಿಗೆ ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಿ. ಬಡಕಲಾದ ಕೋಳಿಯಲ್ಲಿ ಇನ್ನೂ ಎಳೆದರೆ ತಲೆಯೇ ಕಿತ್ತು ಬರಬಹುದು. ನೋಡಲು ಭೀಕರ, ಕೋಳಿಗೆ ಮಾತ್ರ ಅದರಿಂದ ಹೆಚ್ಚಿನ ನೋವಿಲ್ಲ.

ಕೆಡುವುದು ಹೆಚ್ಚಾಗಿ ಅಳುಕಿನಿಂದ. ಪಾಪ ಎಂದು ಮೆಲ್ಲಗೆ ಎಳೆದರೆ ಕೀಲು ಬಿಡದೆ ಬರೀ ಉಸಿರು ಕಟ್ಟುತ್ತದೆ. ಕತ್ತನ್ನು ಬಟ್ಟೆ ಹಿಂಡಿದಂತೆ ತಿರುಚುವುದೂ, ತಲೆ ಹಿಡಿದು ಗಿರಗಿರನೆ ಬೀಸುವುದೂ ಇದೇ ತಪ್ಪಿನ ಬೇರೆ ರೂಪಗಳು. ನೀರಿನಲ್ಲಿ ಮುಳುಗಿಸುವುದು, ಇಲಿ ಪಾಷಾಣ, ಫ್ರೀಜರ್, ಚೀಲದಲ್ಲಿ ಕಟ್ಟಿಡುವುದು ಎಲ್ಲವೂ ಚಿತ್ರಹಿಂಸೆ. ಅಡಿಗೆ ಸೋಡಾಕ್ಕೆ ವಿನೆಗರ್ ಸುರಿದು ಗ್ಯಾಸ್ ಮಾಡುವ ಉಪಾಯವನ್ನೂ ನಂಬಬೇಡಿ, ಮನೆಯ ಡಬ್ಬಿಯಲ್ಲಿ ಗ್ಯಾಸಿನ ಪ್ರಮಾಣ ಹಿಡಿತಕ್ಕೆ ಸಿಗುವುದಿಲ್ಲ. ಎಂದೂ ಮಾಡದವರು ಮೊದಲ ಸಲ ಕಾಯಿಲೆ ಕೋಳಿಯ ಮೇಲೆ ಕೈ ಕಲಿಯುವುದು ತರವಲ್ಲ. ರೋಗವಿಲ್ಲದೆ ಸತ್ತ ಕೋಳಿ ಸಿಕ್ಕಾಗ ಹಿಡಿತ, ಎಳೆತ ಎರಡನ್ನೂ ಅದರ ಮೇಲೆ ಅಭ್ಯಾಸ ಮಾಡಿಕೊಳ್ಳಿ.

ಕೀಲು ಬಿಟ್ಟ ಕೂಡಲೇ ರೆಕ್ಕೆ ಪಟಪಟ ಬಡಿಯುತ್ತದೆ, ಕಾಲು ಒದೆಯುತ್ತದೆ. ಗಾಬರಿಯಾಗಿ ಕೈಬಿಡುವವರೇ ಬಹಳ. ಇದು ಬೆನ್ನುಹುರಿಯ ತುಡಿತ, ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ, ಜೀವ ಇದೆ ಎಂದಲ್ಲ. ಟವೆಲ್ ಬಿಗಿಹಿಡಿದಿರಿ. ಜೀವ ಇದೆಯೋ ಇಲ್ಲವೋ ತಿಳಿಯಲು ಮೂರು ಕಡೆ ನೋಡಿ. ಬುರುಡೆಯ ಕೆಳಗೆ ಬೆರಳಿಟ್ಟರೆ ಮೂಳೆಯಿಲ್ಲದ ಜಾಗ, ಕಡೇಪಕ್ಷ ಒಂದು ಬೆರಳಗಲ, ಸಿಗಬೇಕು. ಕಣ್ಣುಗುಡ್ಡೆಯನ್ನು ಮುಟ್ಟಿದರೆ ರೆಪ್ಪೆ ಅಲ್ಲಾಡಬಾರದು. ಬಾಲದ ಕೆಳಗಿನ ಪುಕ್ಕ ಉಸಿರಿನ ಲಯಕ್ಕೆ ಏರಿಳಿಯಬಾರದು. ರೆಪ್ಪೆ ಆಡಿದರೆ, ಉಸಿರು ಲಯವಾಗಿ ಬರುತ್ತಿದ್ದರೆ ಯೋಚಿಸುತ್ತಾ ನಿಲ್ಲದೆ ತಕ್ಷಣ ಇನ್ನೊಮ್ಮೆ ಎಳೆಯಿರಿ. ಅದೂ ಆಗದಿದ್ದರೆ ಆ ಚಾಕುವಿನಿಂದ ದವಡೆಯ ಕೆಳಗೆ ಎರಡೂ ಬದಿಯ ರಕ್ತನಾಳ ಕತ್ತರಿಸುವಂತೆ ಆಳವಾಗಿ ಒಂದೇ ಸಲ ಕುಯ್ಯಿರಿ. ಎದೆಬಡಿತ ಕೆಲವು ನಿಮಿಷ ಉಳಿದಿರುತ್ತದೆ, ಅದು ಪೂರ್ತಿ ನಿಂತು ಮೈ ಜೋತುಬಿದ್ದ ಮೇಲಷ್ಟೇ ಚೀಲಕ್ಕೆ ಹಾಕಿ.

ಯಾವ ರೋಗ ಎಂದು ತಿಳಿಯಬೇಕಿದ್ದರೆ ಮರಣೋತ್ತರ ಪರೀಕ್ಷೆಗೆ ಅಂದೇ ಒಯ್ಯಬೇಕು. ಎರಡು ಚೀಲ ಹಾಕಿ ಮಂಜುಗಡ್ಡೆಯ ಮೇಲಿಡಿ. ಫ್ರೀಜರಿಗೆ ಹಾಕಿದರೆ ಅಂಗಾಂಶ ಕೆಟ್ಟು ವೈದ್ಯರಿಗೆ ಸರಿಯಾಗಿ ಕಾಣುವುದಿಲ್ಲ.

ಕೊಂದ ಕೋಳಿಯನ್ನು ಸಾರು ಮಾಡಬೇಡಿ. ಬೇಯಿಸಿದರೆ ರೋಗಾಣು ಸಾಯುತ್ತದೆ ಎಂಬ ವಾದ ನಿಜ, ಆದರೆ ಪುಕ್ಕ ಕೀಳುವಾಗ, ಕರುಳು ತೆಗೆಯುವಾಗಲೇ ಅದು ಕೈಗೆ, ಮೂಗಿಗೆ ತಾಗಿರುತ್ತದೆ. ಕೊಟ್ಟ ಆಂಟಿಬಯೋಟಿಕ್ ಬೇಯಿಸಿದರೂ ಪೂರ್ತಿ ಹೋಗದು. ವೈದ್ಯರ ಚುಚ್ಚುಮದ್ದಿನಿಂದ ಸತ್ತಿದ್ದನ್ನು ನಾಯಿ, ಹದ್ದು ತಿಂದರೆ ಅವೂ ಸಾಯಬಹುದು.

ಗುಂಡಿ ಮೂರು ಅಡಿಗಿಂತ ಕಡಿಮೆಯಾದರೆ ಬೀದಿನಾಯಿ ಕೆದರಿ ತೆಗೆಯುತ್ತದೆ. ಚೀಲದಿಂದ ಬಿಡಿಸಿ ಮಲಗಿಸಿ, ಮೇಲೆ ಸುಣ್ಣ ಎರಚಿ, ಮಣ್ಣು ತುಳಿದು ಗಟ್ಟಿ ಮಾಡಿ, ಕಲ್ಲು ಹೇರಿ. ಬಾವಿ, ಬೋರ್‌ವೆಲ್‌ಗಳಿಂದ ದೂರವಿರಲಿ. ಮಂಡ್ಯದ ನಾಲಾ ಬಯಲಿನಲ್ಲಿ ಎರಡಡಿಗೇ ನೀರು ಜಿನುಗುವ ಕಡೆ ಗದ್ದೆ ಬಿಟ್ಟು ದಿಣ್ಣೆಯ ಜಾಗ ಹುಡುಕಿ. ನಾಲೆಗೆ ಎಸೆದರೆ ಕೆಳಗಿನ ಊರಿನ ದನ ಅದೇ ನೀರು ಕುಡಿಯುತ್ತವೆ. ಮೈಸೂರಿನಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಮಣ್ಣೇ ಇಲ್ಲದವರು ಕಸದ ಗಾಡಿಗೆ ಹಾಕದೆ ಪಶು ಆಸ್ಪತ್ರೆಯಲ್ಲಿ ವಿಲೇವಾರಿಗೆ ಎಲ್ಲಿ ಕೊಡಬೇಕೆಂದು ಕೇಳಿ.

ಗೂಡಿನ ಹಿಕ್ಕೆ, ಹೊಟ್ಟು ಮೊದಲು ಕೆರೆದು ತೆಗೆದು ಸುಡಿ. ಕೊಳೆಯ ಮೇಲೆ ಬ್ಲೀಚಿಂಗ್ ಪುಡಿ ಸುರಿದರೆ ಕೆಲಸ ಮಾಡದು. ಸೋಪಿನ ನೀರಿನಲ್ಲಿ ಉಜ್ಜಿ, ಒಣಗಿಸಿ, ಆಮೇಲೆ ಬ್ಲೀಚಿಂಗ್ ನೀರು ಹಾಯಿಸಿ, ನೀರಿನ ಬಟ್ಟಲನ್ನೂ ಬಿಡಬೇಡಿ. ಉಳಿದ ಕೋಳಿಗಳನ್ನು ಎರಡು ವಾರ ಹಿತ್ತಲಾಚೆ ಬಿಡಬೇಡಿ, ಹೊಸ ಕೋಳಿಯನ್ನೂ ಅಲ್ಲಿಯವರೆಗೆ ತರಬೇಡಿ.