ಬಾಡಿಗೆ ಮನೆ ಹಿಡಿಯುವ ಮೊದಲು ಬಸ್ ನೋಡುವುದು ಹೇಗೆ

22 ವರ್ಷ ಮಂಗಳೂರಿನ ಸಿಟಿ ಬಸ್ಸಲ್ಲಿ ಕಂಡಕ್ಟರ್ ಆಗಿದ್ದೆ. ಈಗ ನೆಂಟರು, ಮಗಳ ಗೆಳತಿಯರು ಮನೆ ಹುಡುಕುವಾಗ ಫೋನ್ ಮಾಡುತ್ತಾರೆ: "ಮಾಮ, ಅಲ್ಲಿಗೆ ಬಸ್ ಉಂಟಾ?" ಬಸ್ ಎಲ್ಲ ಕಡೆಗೂ ಉಂಟು. ಮಧ್ಯಾಹ್ನ ಎರಡಕ್ಕೆ ಉಂಟಾ, ರಾತ್ರಿ ಎಂಟೂವರೆಗೆ ಉಂಟಾ, ಭಾನುವಾರ ಉಂಟಾ ಎಂದು ಕೇಳಬೇಕು.

ಮೊದಲು ಸ್ಟಾಪಿನ ಸುತ್ತ ಜನ ಎಷ್ಟು ಎಂದು ಅಂದಾಜು ಮಾಡಿ. ಬಸ್ಸಿಗಾಗಿ ಜನ ಅರ್ಧ ಕಿಲೋಮೀಟರ್ ನಡೆಯುತ್ತಾರೆ, ಅದಕ್ಕಿಂತ ಹೆಚ್ಚು ನಡೆಯುವವರು ಕಡಿಮೆ. ಎಲ್ಲ ದಿಕ್ಕಿಗೂ ಅರ್ಧ ಕಿಲೋಮೀಟರ್ ಹಿಡಿದರೆ ಸುಮಾರು 0.8 ಚದರ ಕಿ.ಮೀ. ಜಾಗ. 2011ರ ಜನಗಣತಿಯಲ್ಲಿ ಪಾಲಿಕೆಯ 132 ಚದರ ಕಿ.ಮೀ.ಯಲ್ಲಿ ಇದ್ದದ್ದು ಹತ್ತಿರ ಹತ್ತಿರ 5 ಲಕ್ಷ ಜನ, ಅಂದರೆ ಚದರ ಕಿ.ಮೀ.ಗೆ 3,700ರಷ್ಟು. ಆ ಲೆಕ್ಕದಲ್ಲಿ ಒಂದು ಸ್ಟಾಪಿನ ಪಾಲಿಗೆ 2,900 ಜನ. ಊರ ಹೊರಗೆ, ತೋಟಕ್ಕೊಂದು ಮನೆ ಇರುವಲ್ಲಿ ಚದರ ಕಿ.ಮೀ.ಗೆ 800 ಜನ ಎಂದಿಟ್ಟುಕೊಂಡರೆ ಅದೇ ಸ್ಟಾಪಿಗೆ 600 ಮಾತ್ರ. ಡೀಸೆಲ್ ಎರಡೂ ಕಡೆ ಅಷ್ಟೇ ಸುಡುತ್ತದೆ.

ಆದರೆ ಈ ಸರಾಸರಿಯನ್ನೇ ನಂಬಿ ಕೂರಬೇಡಿ. ಬೈಲು, ಗುಡ್ಡೆ, ಹೊಳೆಬದಿ ಎಲ್ಲ ಅದರೊಳಗೆ ಸೇರಿದೆ. ರಸ್ತೆಯಲ್ಲಿ ಒಮ್ಮೆ ನಡೆದು ನೋಡಿ. ಹತ್ತು ಮಾಳಿಗೆಯ ಫ್ಲ್ಯಾಟ್ ಕಂಡು ಖುಷಿಪಡಬೇಡಿ, ಕೆಳಗೆ ಕಾರು ಎಷ್ಟು ನಿಂತಿದೆ ನೋಡಿ. ನನ್ನ ಬಸ್ ತುಂಬಿಸುತ್ತಿದ್ದವರು ಲೈನ್ ಮನೆಯವರು (ಸಾಲಾಗಿ ಕಟ್ಟಿದ ಸಣ್ಣ ಬಾಡಿಗೆ ಮನೆಗಳಲ್ಲಿ ಇರುವವರು), ಹಾಸ್ಟೆಲ್ ಮತ್ತು ಪಿಜಿಯ ಮಕ್ಕಳು, ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸರು. ಅಂಥವರು ಇರುವ ರಸ್ತೆಯಲ್ಲಿ ಬಸ್ ಓಡಾಟ ಬಂದ್ ಆಗುವುದಿಲ್ಲ.

ಏರುತಗ್ಗು ಸಹ ನೋಡಿಕೊಳ್ಳಿ. ನಮ್ಮಲ್ಲಿ ಎಷ್ಟೋ ಕಡೆ ಬಸ್ ರಸ್ತೆ ಮೇಲೆ, ಮನೆ ಕೆಳಗೆ ಬೈಲಿನಲ್ಲಿ. ಮ್ಯಾಪಿನಲ್ಲಿ 400 ಮೀಟರ್ ಕಂಡದ್ದು ಜುಲೈ ಮಳೆಯಲ್ಲಿ, ಕೈಯಲ್ಲಿ ಚೀಲ ಹಿಡಿದು ಹತ್ತುವಾಗ ಬೇರೆಯೇ.

ಇನ್ನು ಮುಖ್ಯವಾದದ್ದು. ರೂಟಿನ ಎರಡೂ ತುದಿಯಲ್ಲಿ ಜನರಿಗೆ ಕೆಲಸ ಇರಬೇಕು. ಮಂಗಳೂರು ಪೇಟೆಯ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ತೊಕ್ಕೊಟ್ಟು, ದೇರಳಕಟ್ಟೆ, ಕೊಣಾಜೆ ಕಡೆ ನೋಡಿ. ಬೆಳಿಗ್ಗೆ ಆ ಕಡೆಯವರು ಪೇಟೆಗೆ ಬರುತ್ತಾರೆ, ಅದೇ ಹೊತ್ತಿಗೆ ಪೇಟೆಯವರು ಆಸ್ಪತ್ರೆಗೆ, ಮೆಡಿಕಲ್ ಕಾಲೇಜಿಗೆ, ಯೂನಿವರ್ಸಿಟಿಗೆ ಹೋಗುತ್ತಾರೆ. ಬಸ್ ಎರಡೂ ದಿಕ್ಕಿಗೆ ತುಂಬುತ್ತದೆ. ಉಡುಪಿ ಮಣಿಪಾಲದ ನಡುವೆಯೂ ಹೀಗೇ. ಬರೀ ಮನೆಗಳೇ ಇರುವ ಲೇಔಟಿಗೆ ಹೋದರೆ ಎಂಟು ಗಂಟೆಗೆ ಫುಟ್‌ಬೋರ್ಡಿನಲ್ಲಿ ನಿಲ್ಲಲೂ ಜಾಗ ಇಲ್ಲ, ವಾಪಸ್ ಟ್ರಿಪ್ ಖಾಲಿ.

ಅಂಥ ಒಂದು ರೂಟಿನಲ್ಲಿ ನಾನೇ ಇದ್ದೆ. ಮಧ್ಯಾಹ್ನ ಎರಡು ಹತ್ತರ ಟ್ರಿಪ್‌ನಲ್ಲಿ ಆರೇಳು ಜನ. ಅದರಲ್ಲಿ ಒಬ್ಬರು ಬೀಡಿ ಕಟ್ಟುವ ಅಕ್ಕ, ವಾರಕ್ಕೆ ಮೂರು ದಿನ ಬೀಡಿ ಕಂಪೆನಿಯ ಬ್ರಾಂಚಿಗೆ ಬೀಡಿ ಕೊಟ್ಟು ಎಲೆ, ಹೊಗೆಸೊಪ್ಪು ತರುತ್ತಿದ್ದರು. ಸೆರಗಿನ ತುದಿಯಲ್ಲಿ ಸರಿಯಾದ ಚಿಲ್ಲರೆ ಗಂಟು ಹಾಕಿಟ್ಟುಕೊಂಡಿರುತ್ತಿದ್ದರು. ಕಲೆಕ್ಷನ್ ಇಲ್ಲ ಎಂದು ಬಸ್ಸಿನ ಧಣಿಗಳು ಆ ಟ್ರಿಪ್ ಕಟ್ ಮಾಡಿದರು. ಮರುವಾರ ನಾಲ್ಕು ಗಂಟೆಯ ಬಸ್ಸಿಗೆ ಹತ್ತಿದ ಅಕ್ಕ, "ಎರಡು ಗಂಟೆ ಕಟ್ಟೆಯಲ್ಲಿ ಕೂತೆ, ಅಷ್ಟರಲ್ಲಿ 200 ಬೀಡಿ ಕಟ್ಟಬಹುದಿತ್ತು" ಎಂದರು. ನನಗೆ ಉತ್ತರ ಇರಲಿಲ್ಲ. ಅದಕ್ಕೇ ಹೇಳುವುದು, ಬೆಳಗಿನ ರಶ್ ನೋಡಿ ಅಡ್ವಾನ್ಸ್ ಕೊಡಬೇಡಿ. ಮಧ್ಯಾಹ್ನ ಒಂದು ಗಂಟೆ ಹೊತ್ತು, ರಾತ್ರಿ ಒಂದು ಗಂಟೆ ಹೊತ್ತು ಸ್ಟಾಪಿನಲ್ಲಿ ನಿಂತು ಎಷ್ಟು ಬಸ್ ಬಂತು ಎಂದು ಬರೆದುಕೊಳ್ಳಿ. ಲಾಸ್ಟ್ ಬಸ್ ಯಾವುದು ಎಂದು ಸ್ಟಾಪಿನ ಎದುರಿನ ಗೂಡಂಗಡಿಯವರನ್ನು ಕೇಳಿ. ಮನೆ ಧಣಿಗಳನ್ನು ಕೇಳಿದರೆ "ಬಸ್ ಉಂಟಲ್ಲ" ಎಂದಷ್ಟೇ ಹೇಳುತ್ತಾರೆ.

ಹೆಂಗಸರು ಇನ್ನೊಂದು ವಿಷಯ ಗಮನಿಸಬೇಕು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಟಿಕೆಟ್ ಸರಕಾರಿ ಬಸ್ಸಿನಲ್ಲಿ ಮಾತ್ರ. ಮಂಗಳೂರಿನೊಳಗೆ ಹೆಚ್ಚಾಗಿ ಓಡುವುದು ಖಾಸಗಿ ಬಸ್. ನಿಮ್ಮ ರಸ್ತೆಗೆ ಸರಕಾರಿ ಬಸ್ ಇಲ್ಲದಿದ್ದರೆ ತಿಂಗಳ ಟಿಕೆಟ್ ಖರ್ಚನ್ನು ಬಾಡಿಗೆಗೆ ಸೇರಿಸಿ ಲೆಕ್ಕ ಹಾಕಿ.

ಈಗಾಗಲೇ ಮನೆ ಮಾಡಿ ಆಗಿದ್ದು ಬಸ್ ಸಾಲುತ್ತಿಲ್ಲ ಎಂದಾದರೆ ಹೊಸ ಬಸ್ ಕೇಳಲು ಹೊರಡಬೇಡಿ. ಖಾಸಗಿ ಬಸ್ಸಿನ ಪರ್ಮಿಟ್ 5 ವರ್ಷಕ್ಕೆ ಕೊಡುವಂಥದ್ದು, ಟೈಮಿಂಗ್ ಸಹ ಅದಕ್ಕೆ ಸೇರಿದ್ದು. ಕಟ್ ಆದ ಟ್ರಿಪ್ ಪರ್ಮಿಟ್ಟಿನಲ್ಲಿ ಇದೆಯಾ ಎಂದು ಆರ್‌ಟಿಓ ಕಚೇರಿಯಲ್ಲಿ ಮಾಹಿತಿ ಹಕ್ಕಿನಡಿ ಕೇಳಿ. ಇದ್ದರೆ, ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ, ಆ ಟ್ರಿಪ್ ಮತ್ತೆ ಓಡಿಸಬೇಕೆಂದು ಅರ್ಜಿ ಕೊಡಿ. ಜೊತೆಗೆ ಒಂದು ವಾರದ ಪಟ್ಟಿ ಇರಲಿ: ಯಾವ ದಿನ, ಯಾವ ಟ್ರಿಪ್ ಬರಲಿಲ್ಲ, ಸ್ಟಾಪಿನಲ್ಲಿ ಎಷ್ಟು ಜನ ಕಾಯುತ್ತಿದ್ದರು. ಸಹಿ ಹಾಕಿಸುವಾಗ ಬೀಡಿ ಕಟ್ಟುವವರ, ಮನೆಕೆಲಸಕ್ಕೆ ಹೋಗುವವರ ಮನೆಗೂ ಹೋಗಿ ಬನ್ನಿ.