ಬ್ರಾಕೆಟ್ಟಿನ ಅಳತೆ, ಬಾಕ್ಸಿನ ಅಳತೆ: ಯಾವುದು ಎಲ್ಲಿ?

ಯಂತ್ರದ ಬಿಡಿಭಾಗದ ಡ್ರಾಯಿಂಗ್‌ನಲ್ಲಿ ಬ್ರಾಕೆಟ್ ಒಳಗಿರುವುದು ರೆಫರೆನ್ಸ್ ಅಳತೆ. ಆಯತದ ಬಾಕ್ಸಿನಲ್ಲಿರುವುದು ಬೇಸಿಕ್ ಅಳತೆ. ಎರಡರ ಪಕ್ಕದಲ್ಲೂ ± ಇರುವುದಿಲ್ಲ. ಡ್ರಾಯಿಂಗ್ ಮೂಲೆಯ ಟೈಟಲ್ ಬ್ಲಾಕಿನಲ್ಲಿ ಕೊಡುವ ಸಾಮಾನ್ಯ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವ ಮಿತಿ) ಕೂಡ ಇವಕ್ಕೆ ಅನ್ವಯಿಸುವುದಿಲ್ಲ. ಹಾಗಾಗಿ ಎರಡೂ ಒಂದೇ ಅನ್ನಿಸಿಬಿಡುತ್ತದೆ. ಆದರೆ ರೆಫರೆನ್ಸ್ ಬರೀ ಮಾಹಿತಿ, ಬೇಸಿಕ್ ಕಟ್ಟುನಿಟ್ಟಿನ ಲೆಕ್ಕ.

ಮೊದಲು ರೆಫರೆನ್ಸ್ ನೋಡೋಣ. ಮೂರು ಮೆಟ್ಟಿಲಿನ ಒಂದು ಪಿನ್ ಇದೆ ಅನ್ನಿ. ಉದ್ದ 30, 30, 40 ಮಿ.ಮೀ., ಪ್ರತಿಯೊಂದಕ್ಕೂ ±0.1. ಒಟ್ಟು ಉದ್ದಕ್ಕೂ 100 ±0.1 ಎಂದು ಬರೆದರೆ ಜಗಳ ಶುರು. 30.1, 30.1, 40.1 ಬಂದರೆ ಬಿಡಿಬಿಡಿಯಾಗಿ ಎಲ್ಲವೂ ಸರಿ, ಒಟ್ಟು ಮಾತ್ರ 100.3! ಒಟ್ಟು ಉದ್ದವನ್ನು (100) ಎಂದು ಬರೆಯಿರಿ. ಒಟ್ಟು ಉದ್ದವೇ ಮುಖ್ಯವಾಗಿದ್ದರೆ ಅದಕ್ಕೆ ಟಾಲರೆನ್ಸ್ ಕೊಟ್ಟು, ಕೆಲಸಕ್ಕೆ ಅಷ್ಟೇನೂ ಬೇಕಿಲ್ಲದ ಒಂದು ಮೆಟ್ಟಿಲನ್ನು ಬ್ರಾಕೆಟ್ಟಿಗೆ ಹಾಕಿ. ಯಾವುದು ಮುಖ್ಯ ಅನ್ನುವುದನ್ನು ಪಾರ್ಟ್ ಎಲ್ಲಿ ಕೂರುತ್ತದೆ ಎಂದು ನೋಡಿಯೇ ತೀರ್ಮಾನಿಸಬೇಕು. ಹಳೆಯ ಡ್ರಾಯಿಂಗ್‌ಗಳಲ್ಲಿ ಬ್ರಾಕೆಟ್ ಬದಲು ‘ರೆಫ್’ ಎಂದಿದ್ದರೂ ಅರ್ಥ ಅದೇ.

ಇನ್ನು ಬೇಸಿಕ್. ಒಂದು ತೂತಿನ ಜಾಗ ಡೇಟಮ್‌ಗಳಿಂದ (ಅಳತೆ ಶುರುಮಾಡುವ ಆಧಾರಗಳಿಂದ) 40 ಮತ್ತು 25, ಎರಡೂ ಬಾಕ್ಸಿನಲ್ಲಿ. ಇದು ತೂತು ಇರಬೇಕಾದ ಕರಾರುವಾಕ್ಕಾದ ಜಾಗ. ಎಷ್ಟು ಸರಿಯಬಹುದು ಅನ್ನುವುದು ತೂತಿಗೆ ಕೊಟ್ಟ ಫೀಚರ್ ಕಂಟ್ರೋಲ್ ಫ್ರೇಮಿನಲ್ಲಿ (ಟಾಲರೆನ್ಸಿನ ಚಿಹ್ನೆ, ಮಿತಿ ಬರೆದಿರುವ ಖಾನೆಗಳಲ್ಲಿ) ಇರುತ್ತದೆ. ಅಲ್ಲಿ ಪೊಸಿಷನ್ ಟಾಲರೆನ್ಸ್ ⌀0.2 ಇದೆ, ಅಂದರೆ ತೂತಿನ ಕೇಂದ್ರ 0.2 ವ್ಯಾಸದ ವೃತ್ತದೊಳಗೆ ಇರಬೇಕು ಅಂದುಕೊಳ್ಳಿ. ಅಳೆದಾಗ 40.06, 25.08 ಬಂತು. ಒಂದು ಕಡೆ 0.06, ಇನ್ನೊಂದು ಕಡೆ 0.08 ಸರಿದಿದೆ, ಅಂದರೆ ನೇರ ದೂರ 0.1. ಮಿತಿ ವ್ಯಾಸದಲ್ಲಿರುವುದರಿಂದ ಅದರ ಎರಡರಷ್ಟು ತೆಗೆದುಕೊಳ್ಳಬೇಕು: 0.2. ಮಿತಿಯ ಅಂಚಿನಲ್ಲಿ ಪಾಸ್! ಇದೇ 40.09, 25.09 ಬಂದಿದ್ದರೆ ಸುಮಾರು 0.255 ಆಗಿ ರಿಜೆಕ್ಟ್. ಬಾಕ್ಸಿನ 40ಕ್ಕೆ ಸುಮ್ನೆ ±0.1 ಹಚ್ಚಿ ಓದುವವರು ಇದನ್ನು ಪಾಸ್ ಮಾಡಿಬಿಡುತ್ತಾರೆ. ಜಾಸ್ತಿ ಎಡವುವುದು ಇಲ್ಲೇ.

ಡ್ರಾಯಿಂಗ್ ಕಳಿಸುವ ಮುನ್ನ ಒಂದೊಂದು ಬ್ರಾಕೆಟ್ಟಿನ ಅಳತೆಯನ್ನೂ ಬೆರಳಿನಿಂದ ಮುಚ್ಚಿ ನೋಡಿ. ಅದಿಲ್ಲದೆಯೂ ಪಾರ್ಟ್ ಮಾಡಲು, ಅಳೆಯಲು ಆಗಬೇಕು. ಆಗದಿದ್ದರೆ ಅದು ರೆಫರೆನ್ಸ್ ಅಲ್ಲ, ಟಾಲರೆನ್ಸ್ ಕೊಡಿ. ಆಮೇಲೆ ಪ್ರತಿ ಬಾಕ್ಸಿನಿಂದ ಗೆರೆ ಹಿಡಿದು ಹೋಗಿ. ಅದು ತೋರಿಸುವ ತೂತಿಗೋ ಮೇಲ್ಮೈಗೋ ಕಂಟ್ರೋಲ್ ಫ್ರೇಮ್ ಇಲ್ಲವೆಂದರೆ ಇನ್‌ಸ್ಪೆಕ್ಷನ್‌ನವರಿಗೆ ಮಿತಿಯೇ ಇಲ್ಲ. ಅವರು ಫೋನ್ ಮಾಡುವ ಮೊದಲೇ ಹಾಕಿಬಿಡಿ.